ಕಸದೆಣ್ಣೆಗೂ ಸಾಯದ ಸಾಸಿವೆ

ಶರಣರೇ, ತಾಯಂದಿರೇ, ಸಂಶಯದ ಮಾತು ಬಂತು. ಸಂಶಯವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸಂಶಯವೇ ಇಲ್ಲದವನ ಮನೆಯ ಹಾಲನ್ನು ಬೆಕ್ಕೂ ಕುಡಿಯುತ್ತದೆ, ನೆರೆಯವನೂ ಕುಡಿಯುತ್ತಾನೆ. ಆದರೆ ನಿಮ್ಮ ಸಂಶಯ ಎದ್ದು ಹೊರಟಾಗ ಮೊದಲು ಯಾರ ಬಾಗಿಲು ತಟ್ಟುತ್ತದೆ? ಅದನ್ನು ಕೇಳಲಿಕ್ಕೇ ಈ ಕಥೆ.

ಕರಿನೆಲದ ಸೀಮೆಯ ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಊರವರು ಅವನನ್ನು ಸಾವ್ಕಾರ ಎನ್ನುತ್ತಿದ್ದರು. ಶ್ರೀಮಂತ ಎಂದ ಕೂಡಲೇ ನೀವು ಜಿಪುಣ ಅಂದುಕೊಂಡಿರಿ, ಹೌದಲ್ಲವೇ? ಅಲ್ಲ, ಒಳ್ಳೆಯವನು. ಊರಿನ ರೈತರನ್ನು ಕೂಡಿಸಿ ಸಂಘ ಕಟ್ಟಿದವನೇ ಅವನು. ಅಜ್ಜಂದಿರ ಕಾಲದಿಂದ ಅಲ್ಲಿ ಬೆಳೆಯುತ್ತಿದ್ದ ಸಣ್ಣ ಕಾಳಿನ ಖಾರದ ಸಾಸಿವೆಗೆ ದೂರದ ನಗರದ ಉಪ್ಪಿನಕಾಯಿ ವ್ಯಾಪಾರಿಯೊಬ್ಬನನ್ನು ಹುಡುಕಿ ತಂದವನೂ ಅವನೇ. ಪೇಟೆಯ ದರದ ಒಂದೂವರೆ ಪಟ್ಟು ಬೆಲೆ. ಕರಾರು ಒಂದೇ: ಹಳೇ ಬೀಜದ ಬೆಳೆಯೇ ಇರಬೇಕು, ಬೇರೆ ಏನೂ ಬೆರೆಯಬಾರದು. ಊರು ನಂಬಿತು. ಜೋಳ ಬಿಟ್ಟು ಸಾಸಿವೆ ಬಿತ್ತಿತು.

ಸಾವ್ಕಾರನಿಗೆ ಒಂದೇ ಒಂದು ಗುಣ. ಯಾರನ್ನೂ ನಂಬುತ್ತಿರಲಿಲ್ಲ. ಹಾಲು ತಂದವಳ ಹಾಲಿನಲ್ಲಿ ಬೆರಳು ಅದ್ದಿ ನೋಡುವನು. ತೂಕ ಮಾಡಿದ ಚೀಲವನ್ನು ಮತ್ತೆ ತೂಗಿಸುವನು. ಹತ್ತು ಸಲ ಸಂಶಯಪಟ್ಟಾಗ ಎರಡು ಸಲ ಮೋಸ ಸಿಕ್ಕಿಬಿದ್ದಿತ್ತು. ಅಷ್ಟು ಸಾಕಲ್ಲ ಮನುಷ್ಯನಿಗೆ! ಉಳಿದ ಎಂಟನ್ನು ಅವನು ಮರೆತ.

ಆ ಊರಿನ ಬೀಜ ಕಾಯುತ್ತಿದ್ದವಳು ನಿಂಬೆವ್ವ ಎಂಬ ಮುದುಕಿ. ಬೆಳೆ ನಿಂತಿರುವಾಗಲೇ ಹೊಲಹೊಲ ತಿರುಗಿ, ಹುಲುಸಾದ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡುವಳು. ಅದರ ಕಾಳನ್ನು ಬೂದಿ ಬೆರೆಸಿ ಗಡಿಗೆಯಲ್ಲಿಡುವಳು. ಬಿತ್ತುವ ಕಾಲಕ್ಕೆ ಮನೆಮನೆಗೆ ಹಂಚುವಳು. ಪ್ರತಿಯಾಗಿ ಮನೆಗೊಂದು ಸೇರು ಕಾಳು. ಅದೇ ಅವಳ ಜೀವನ.

ಮೂರು ವರ್ಷ ಮಾಲು ಸರಾಗವಾಗಿ ಹೋಯಿತು. ನಾಲ್ಕನೆಯ ವರ್ಷವೂ ಲಾರಿ ಬಂತು. ಖರೀದಿಯವನು ಒಂದೊಂದು ಮನೆಯ ಚೀಲದಿಂದ ಹಿಡಿ ಕಾಳು ತೆಗೆದು, ಕುಟ್ಟಿ, ನೀರಿನಲ್ಲಿ ಕಲಕಿ, ಅದರಲ್ಲಿ ಕಾಗದದ ಪಟ್ಟಿಯೊಂದನ್ನು ಅದ್ದಿದ. ಒಂದು ಗೆರೆ ಮೂಡಿದರೆ ಸರಿ. ಎರಡು ಮೂಡಿದರೆ ಬೆರಕೆ. ಎರಡು ಮೂಡಿತು. ಇನ್ನೊಂದು ಮನೆಯದು ನೋಡಿದ, ಎರಡು. ಸಾವ್ಕಾರನ ಮನೆಯದೂ ಎರಡು.

“ಸಾವ್ಕಾರ್ರ, ಕುಲಾಂತರಿ ಸಾಸಿವಿ ಬೆರತೈತ್ರಿ ಇದರಾಗ,” ಎಂದ ಅವನು. “ಪ್ರಯೋಗಶಾಲ್ಯಾಗ ಗುಣಾ ತಿದ್ದಿ ಮಾಡಿದ್ದು. ಕಸದೆಣ್ಣಿ ಹೊಡದ್ರ ಕಸ ಅಷ್ಟ ಸಾಯತೈತಿ, ಈ ಗಿಡ ಸಾಯಂಗಿಲ್ಲ. ನಮ್ಮ ಮಾಲಕರು ಇದನ್ನ ತಗೊಳ್ಳಾಂಗಿಲ್ರಿ.”

ಲಾರಿ ಖಾಲಿ ತಿರುಗಿತು. ಸಾಸಿವೆ ಎಣ್ಣೆಯ ಮಿಲ್ಲಿಗೆ ಹೋಯಿತು, ಮಿಲ್ಲಿನವನು ಹೇಳಿದ ಬೆಲೆಗೆ. ಜೋಳ ಬಿಟ್ಟು ಬಿತ್ತಿದವರು ಆ ವರ್ಷ ರೊಟ್ಟಿಯ ಜೋಳವನ್ನು ಸಂತೆಯಲ್ಲಿ ಕೊಂಡರು.

ಯಾರು ಬೆರೆಸಿದರು? ಸಾವ್ಕಾರನ ತಲೆಯಲ್ಲಿ ಅದೊಂದೇ. ಎಲ್ಲ ಮನೆಯಲ್ಲೂ ಬೆರಕೆ ಇದೆ ಎಂದರೆ ಎಲ್ಲ ಮನೆಗೂ ಬೀಜ ಕೊಟ್ಟವಳು ಯಾರು? ಅವಳ ಗುಡಿಸಿಲಿಗೆ ಹೋದ ಮಳೆಗಾಲದಲ್ಲಿ ಹೊಸ ತಗಡು ಬಿದ್ದಿದೆಯಲ್ಲ, ಎಲ್ಲಿಂದ ಬಂತು? ಮೋಟಾರು ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡ ಪರವೂರಿನವನೊಬ್ಬ ಅವಳ ಅಂಗಳದಲ್ಲಿ ನಿಂತಿದ್ದನಲ್ಲ? ಅವನು ಕಂಬಳಿ ಮಾರುವವನು. ಅವನ ಹತ್ತಿರ ಸಾವ್ಕಾರನೇ ಒಂದು ಕಂಬಳಿ ಕೊಂಡಿದ್ದ! ಆದರೆ ಸಂಶಯ ಹತ್ತಿದ ಕಣ್ಣಿಗೆ ಕಂಬಳಿಯ ಗಂಟೂ ಬೀಜದ ಗಂಟೇ.

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಊರೆಲ್ಲ ಇತ್ತು. ಸಾವ್ಕಾರನ ಹೆಂಡತಿಯೂ ಹೆಂಗಸರ ನಡುವೆ ಕುಳಿತಿದ್ದಳು.

“ನಿಂಬೆವ್ವಾ, ಖರೇ ಹೇಳು. ಯಾರ ಕಡಿಂದ ತಂದಿ ಆ ಬೀಜಾ?”

“ಯಾರ ಕಡಿಂದನೂ ತಂದಿಲ್ರಿ ಯಪ್ಪಾ. ನಿಮ್ಮ ನಿಮ್ಮ ಹೊಲದಾಗ ಆರಿಸಿದ್ದನ್ನ ನಿಮಗ ಕೊಟ್ಟೀನಿ.”

“ಹಂಗಾದ್ರ ಆ ತಗಡಾ? ಅದನ್ನ ಯಾರು ಕೊಟ್ರು?”

ನಿಂಬೆವ್ವ ಬಾಯಿ ತೆರೆದಳು. ಹೆಂಗಸರ ಕಡೆ ಒಮ್ಮೆ ನೋಡಿದಳು. ಮತ್ತೆ ಬಾಯಿ ಮುಚ್ಚಿದಳು.

ಅಷ್ಟೇ ಸಾಕಾಯಿತು. ಸುಮ್ಮನಿದ್ದಾಳೆ ಎಂದರೆ ಕಳ್ಳಿಯೇ! ಒಬ್ಬ ಅಂದ, ಇನ್ನೊಬ್ಬ ಹೌದೆಂದ. ಬೀಜದ ಗಡಿಗೆಗಳನ್ನು ಅವಳ ಮನೆಯಿಂದ ಹೊತ್ತು ತಂದು, ಒಂದನ್ನೂ ಬಿಡದೆ ಗಾಣಕ್ಕೆ ಸುರಿದರು. ಎಷ್ಟು ತಲೆಮಾರಿನ ಬೀಜವೋ, ಒಂದು ಮಧ್ಯಾಹ್ನದಲ್ಲಿ ಹಿಂಡಿಯಾಯಿತು. ನಿಂಬೆವ್ವ ಅಳಲಿಲ್ಲ. ಗಾಣ ತಿರುಗುವಷ್ಟು ಹೊತ್ತೂ ನಿಂತು ನೋಡಿದಳು. ಮರುದಿನದಿಂದ ಪಕ್ಕದೂರಿಗೆ ಕೂಲಿಗೆ ಹೊರಟಳು.

ಮಳೆ ಬಿತ್ತು. ಬಿತ್ತುವ ಮುಂಚೆ ಸಾವ್ಕಾರ ಹಳ್ಳದ ಕಡೆಯ ಹೊಲಕ್ಕೆ ಕಸದೆಣ್ಣೆ ಹೊಡೆಸಿದ. ಹದಿನೈದು ದಿನ ಬಿಟ್ಟು ನೋಡಲು ಹೋದ. ಹುಲ್ಲು, ಕಸ, ಬದುವಿನ ಮೇಲಿನ ಬಳ್ಳಿ, ಎಲ್ಲವೂ ಸುಟ್ಟ ಹಾಗೆ ಒಣಗಿತ್ತು. ನಡುವೆ ಒಂದಷ್ಟು ಸಾಸಿವೆ ಗಿಡಗಳು ಮಾತ್ರ ಹಸಿರಾಗಿ ನಿಂತಿದ್ದವು.

ಅವನ ಮನಸ್ಸಿಗೆ ಮೊದಲು ಏನು ಬಂತು, ಹೇಳಿ ನೋಡೋಣ? ‘ಸೇಡಿಗೆ ಆ ಮುದುಕಿ ಇಲ್ಲಿ ಬಂದು ಚೆಲ್ಲಿ ಹೋಗಿದ್ದಾಳೆ!’ ಅದೇ ಬಂತು. ಸಿಟ್ಟಿನಿಂದ ಒಂದು ಗಿಡ ಕಿತ್ತ. ಇನ್ನೊಂದು ಕಿತ್ತ. ಹತ್ತನೆಯದನ್ನು ಹಿಡಿದವನು ಹಾಗೆಯೇ ಬಗ್ಗಿ ನಿಂತುಬಿಟ್ಟ. ಗಿಡಗಳಿದ್ದದ್ದು ಹೊಲದ ಒಂದೇ ಮೂಲೆಯಲ್ಲಿ. ಆ ಮೂಲೆ ಅವನಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಅವನ ಸೋದರಳಿಯ ಎಲ್ಲಿಂದಲೋ ಹೆಸರಿಲ್ಲದ ಒಂದು ಸಾಸಿವೆ ಬೀಜದ ಪೊಟ್ಟಣ ತಂದಿದ್ದ. “ಮಾಮಾ, ಕಸಾ ತಗಿಯಾಕ ಆಳ ಬ್ಯಾಡ, ಏನ ಬ್ಯಾಡ. ಎಣ್ಣಿ ಹೊಡಿ, ಮುಗೀತು,” ಎಂದಿದ್ದ. ಆ ಮೂಲೆಯ ಅರ್ಧ ಎಕರೆಯಲ್ಲಿ ಹಾಕಿದರೆ ಏನಾದೀತು ಎಂದು ಸಾವ್ಕಾರ ಹಾಕಿದ. ನಿಜವಾಗಿಯೂ ಕಸ ತೆಗೆಯುವ ಕೂಲಿ ಉಳಿಯಿತು. ಆ ಕಾಳನ್ನು ಸಂಘದ ಚೀಲಕ್ಕೆ ಸೇರಿಸಲಿಲ್ಲ, ಬೇರೆಯಾಗಿ ಮಿಲ್ಲಿಗೆ ಮಾರಿದ. ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷ ಹಾಕಲೂ ಇಲ್ಲ. ಮುಗಿಯಿತು ಎಂದುಕೊಂಡ.

ಆದರೆ ಜೇನ್ನೊಣಕ್ಕೆ ಸಂಘದ ಕರಾರು ಗೊತ್ತೇ? ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿತು. ಉದುರಿದ ಕಾಳು ಮಣ್ಣಿನಲ್ಲಿ ಮಲಗಿ, ವರ್ಷ ವರ್ಷವೂ ಒಂದಿಷ್ಟು ಎದ್ದಿತು. ಹುಲುಸಾದ ಗಿಡ ಯಾರ ಹೊಲದಲ್ಲಿತ್ತು? ಸಾವ್ಕಾರನ ಹೊಲದಲ್ಲಿ. ನಿಂಬೆವ್ವ ಅಲ್ಲೇ ದಾರ ಕಟ್ಟಿದಳು. ಊರಿಗೆಲ್ಲ ಹಂಚಿದಳು. ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತಿದ್ದವನು ಆ ಪೊಟ್ಟಣದಲ್ಲಿ ಬೆರಳು ಅದ್ದಲಿಲ್ಲ, ಶರಣರೇ. ತನ್ನವನು ತಂದದ್ದಲ್ಲವೇ, ಲಾಭ ತರುವಂಥದ್ದಲ್ಲವೇ!

ಗಿಡಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದು, ನೀರೊಲೆಗೆ ತುರುಕತೊಡಗಿದ. ಹೆಂಡತಿ ನೋಡಿದಳು.

“ಏನದು?”

“ಕಸಾ.”

“ಕಸಾ ಸುಡಾಕ ಟವೆಲಿನ್ಯಾಗ ಸುತ್ಕೊಂಡ ಮನಿತನಕ ಯಾಕ ತಂದ್ರಿ?”

ಅವನು ಒಲೆಯ ಮುಂದೆಯೇ ಕುಳಿತು ಎಲ್ಲ ಹೇಳಿದ. ಅವಳು ಕೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡು ಅಂದಳು: “ಆ ತಗಡ ನಾ ಕೊಡಿಸಿದ್ದೆ. ಮುದುಕಿ ಮಳ್ಯಾಗ ನೆನಿತಿತ್ತು. ನಿಮಗ ಹೇಳಿದ್ರ ನೂರಾ ಎಂಟು ಕೇಳ್ತೀರಂತ ಹೇಳಿರಲಿಲ್ಲ. ಅಕಿ ನನ್ನ ಹೆಸರ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.”

ಗಂಡಹೆಂಡತಿ ಇಬ್ಬರೂ ನಿಂಬೆವ್ವನ ಮನೆಗೆ ಹೋದರು. ಸಾವ್ಕಾರ ನಿಂತೇ ಹೇಳಿದ, “ತಪ್ಪ ನಂದು, ಯವ್ವಾ.”

ನಿಂಬೆವ್ವ ಕುಳಿತಲ್ಲಿಂದ ಏಳಲಿಲ್ಲ. “ನನ್ನ ಮನ್ಯಾಗ ಹೇಳಿದ್ರ ನಾ ಒಬ್ಬಾಕಿ ಕೇಳ್ತೀನ್ರಿ. ಕಟ್ಟಿ ಮ್ಯಾಲ ಅಂದದ್ದನ್ನ ಕಟ್ಟಿ ಮ್ಯಾಲ ಹೇಳ್ರಿ.”

ಹೇಳಿದ. ಊರೆಲ್ಲರ ಮುಂದೆ, ಅದೇ ಜಾಗದಲ್ಲಿ ನಿಂತು, ಪೊಟ್ಟಣದ ಕಥೆಯನ್ನೂ ಬಿಡದೆ ಹೇಳಿದ. ಅವನ ಹೆಂಡತಿಯೂ ಎದ್ದು ತಗಡಿನ ಮಾತು ಹೇಳಿದಳು. ಊರು ತಲೆ ತಗ್ಗಿಸಿತು. ಆದರೆ ಅಷ್ಟರಲ್ಲಿ ವ್ಯಾಪಾರಿ ಬೇರೆ ಸೀಮೆಗೆ ಹೋಗಿದ್ದ, ಹಳೇ ಬೀಜ ಹಿಂಡಿಯಾಗಿ ದನದ ಹೊಟ್ಟೆ ಸೇರಿತ್ತು. ನಿಂಬೆವ್ವ ತನ್ನ ತವರಿನಲ್ಲಿ ಕೇಳಿ, ಅಲ್ಲಿ ಉಳಿದಿದ್ದ ಅದೇ ಹಳೇ ಬೀಜ ಒಂದು ಬೊಗಸೆ ತಂದಳು. ಈಗ ಪ್ರತಿ ಮಳೆಗೂ ಸಾವ್ಕಾರ ಆ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಎದ್ದ ಸಾಸಿವೆಯನ್ನು ಕೈಯಿಂದಲೇ ಕೀಳುತ್ತಾನೆ. ಇನ್ನೂ ಏಳುತ್ತಲೇ ಇದೆ.

ಈಗ ನಿಮ್ಮ ಕಡೆ ಬರುತ್ತೇನೆ. ಕುಲಾಂತರಿ ಬೀಜ ಒಳ್ಳೆಯದೋ ಕೆಟ್ಟದ್ದೋ ಬಲ್ಲವರು ಹೇಳಲಿ, ನಾನು ಕಾವಿಯವನು. ನನಗೆ ಗೊತ್ತಿರುವುದು ಇಷ್ಟೇ: ಹೊಲದ ಬದು ನಿಮ್ಮ ಕಾಗದದಲ್ಲಿದೆ, ಗಾಳಿಯಲ್ಲಿಲ್ಲ. ನಿಮ್ಮ ಹೊಲದಲ್ಲಿ ಹೊಸದೇನಾದರೂ ಬಿತ್ತುವ ಮುಂಚೆ ಪಕ್ಕದ ಹೊಲದವನಿಗೆ ಹೇಳಿ. ಹೆಸರಿಲ್ಲದ ಪೊಟ್ಟಣವನ್ನು ಅಳಿಯ ತಂದರೂ ಸರಿ, ಯಾರು ಮಾಡಿದ್ದು, ಏನಿದು, ಉದುರಿದರೆ ಏನಾಗುತ್ತದೆ ಎಂದು ಕೇಳಿ. ಬಡವಳ ತಗಡನ್ನು ಕೇಳಿದಷ್ಟೇ ಗಟ್ಟಿಯಾಗಿ ಕೇಳಿ! ಮತ್ತು ತಾಯಂದಿರೇ, ನಿಜ ಗೊತ್ತಿದ್ದೂ ಸಭೆಯಲ್ಲಿ ಸೆರಗು ಹೊದ್ದು ಕೂರಬೇಡಿ. ಮನೆಯ ಒಲೆಯ ಮುಂದೆ ಆಡಿದ ನಿಜದಿಂದ ಗಾಣ ನಿಲ್ಲುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ನೀವು ಎದ್ದು ಹೊರಗೆ ಹೋಗುತ್ತೀರಿ. ಯಾರದೋ ಒಂದು ಜೊತೆ ಚಪ್ಪಲಿ ಕಾಣುವುದಿಲ್ಲ, ದಿನವೂ ಆಗುವುದೇ. ಆಗ ಬಾಗಿಲಲ್ಲಿ ಕಸ ಗುಡಿಸುವವಳ ಮುಖ ನೋಡಬೇಡಿ. ಮೊದಲು ನಿಮ್ಮ ಕಾಲು ನೋಡಿಕೊಳ್ಳಿ, ಮೆಟ್ಟಿರುವುದು ಯಾರದ್ದು ಅಂತ.