ಹೆಣ್ಣು ಕೇಳೋಕೆ ಬಂದವಳು

...ನಗ್ತೀಯಾ? ನಗು ನಗು, ನಗೋ ವಯಸ್ಸು ನಿಂದು. ಗಂಡನಿಗೆ ಇನ್ನೊಂದು ಹೆಣ್ಣು ಕೇಳೋಕೆ ಹೆಂಡತೀನೇ ಹೋಗ್ಬೇಕಂತೆ ಅಂದಾಗ ನಾನೂ ಹೀಗೇ ನಕ್ಕಿದ್ದೆ. ಏನ್ ಮಾಡೋದು, ನಮ್ಮವರ ಪದ್ಧತಿ ಕಣಮ್ಮ. ಗಂಡಸು ತಾನೇ ಬಂದು ಕೇಳಿದ್ರೆ ಮರ್ಯಾದಸ್ಥರು ಯಾರೂ ಕೊಡಲ್ಲ. ಮೊದಲನೆಯವಳೇ ಬರ್ಬೇಕು, ತನ್ನ ಬಾಯಲ್ಲಿ ಕೇಳ್ಬೇಕು. 'ಬಾ ತಂಗಿ, ನಂಗೆ ಜೊತೆಯಾಗು' ಅಂತ. ನೋಡು, ಕೇಳಿದೆ. ಆಯ್ತಲ್ಲ!

ನೀನು ಕೆಲಸ ನಿಲ್ಲಿಸ್ಬೇಡ. ಇಸ್ತ್ರಿ ಮಾಡ್ತಾ ಮಾಡ್ತಾನೇ ಕೇಳು. ಅದು ನಮ್ಮನೆಯವರ ಶರ್ಟೇ ಅಲ್ವಾ, ನೀಲಿ ಗೀಟಿಂದು? ಕಾಲರ್ ಸ್ವಲ್ಪ ಒತ್ತಿ ಮಾಡು. ಮೆತ್ತಗಿದ್ರೆ ಅವರಿಗೆ ಆಗಲ್ಲ... ಅಯ್ಯೋ, ಬೈಯಲ್ಲ! ಬೈಯೋರೇ ಅಲ್ಲ ಅವರು. ಸುಮ್ನೆ ಶರ್ಟು ಬಿಚ್ಚಿ ನನ್ನ ಕೈಗೆ ಕೊಡ್ತಾರೆ. ನಾನು ಸರಿ ಮಾಡೋ ತನಕ ಬನಿಯನ್ನಲ್ಲೇ ನಿಂತು ನೋಡ್ತಿರ್ತಾರೆ. ಒಂದು ಮಾತೂ ಆಡಲ್ಲ. ಟೈಲ್ಸ್ ಅಂಗಡೀಲಿ ಗಿರಾಕಿಗಳ ಹತ್ರ ಅಷ್ಟು ಮಾತಾಡ್ತಾರಲ್ಲ, ಮನೇಲಿ ಬಾಯಿ ಬಿಡಲ್ಲ. ಪುಣ್ಯ ಅಲ್ವಾ? ಕುಡಿಯಲ್ಲ, ಕೈ ಎತ್ತಲ್ಲ. ನಿಮ್ಮಮ್ಮ ಇದನ್ನೇ ಕೇಳಿದ್ರು ಮೊದಲು. ಕೇಳಿ ಅವರ ಮುಖ ಅರಳಿತು. ಈಗ ಸಕ್ಕರೆ ತರ್ತೀನಿ ಅಂತ ಹೋದ್ರಲ್ಲ, ಸಕ್ಕರೆ ಇಲ್ಲ ಅಂತ ಅಲ್ಲ ಕಣೇ, ನಾವಿಬ್ಬರೇ ಮಾತಾಡ್ಲಿ ಅಂತ. ಪಾಪ, ನಿನ್ನನ್ನ ಒಂದು ದಡ ಸೇರಿಸಿದ್ರೆ ಸಾಕಾಗಿದೆ ಅವರಿಗೆ.

ಸವತಿ ಅಂದ್ರೆ ಭಯಾನಾ? ಛೆ! ನನ್ನ ನೋಡಿದ್ರೆ ಕೂದಲು ಹಿಡಿದು ಎಳೆಯೋಳ ಥರ ಕಾಣ್ತೀನಾ? ಕೇಳಿಲ್ಲಿ. ನನ್ನ ಮಗಳನ್ನ ಹೆತ್ತಾಗ ಆಸ್ಪತ್ರೇಲಿ ಪಕ್ಕದ ಮಂಚದಲ್ಲಿ ಒಬ್ಬಳಿದ್ದಳು, ಯಾವುದೋ ದೂರದ ದೇಶದೋಳು. ಅವಳ ಕಡೆ ಒಬ್ಬನಿಗೆ ಮೂರು ನಾಲ್ಕು ಹೆಂಡಿರಂತೆ. ಆದ್ರೆ ಒಬ್ಬೊಬ್ಬಳಿಗೂ ಬೇರೆ ಗುಡಿಸಲು, ಬೇರೆ ಒಲೆ, ಬೇರೆ ಹೊಲ. ಗಂಡ ಅನ್ನೋನು ಸರದಿ ಪ್ರಕಾರ ಹೋಗಿ ಬಾಗಿಲು ತಟ್ಟಬೇಕಂತೆ! ತೆಗೆಯೋದು ಬಿಡೋದು ಅವಳಿಷ್ಟ. ಅವಳ ಬಾಣಂತನಕ್ಕೆ ಬಂದಿದ್ದು ಯಾರು ಹೇಳು? ಸವತಿ! ಗಂಡ ಬರಲೇ ಇಲ್ಲ, ಅವನು ಬಂದು ಏನ್ ಮಾಡ್ತಾನೆ ಅಂದಳು. ಇನ್ನೊಂದು ಕಡೆ, ಎಲ್ಲೋ ಗುಡ್ಡದ ಸೀಮೇಲಿ, ಅಣ್ಣತಮ್ಮಂದಿರೆಲ್ಲ ಸೇರಿ ಒಬ್ಬಳನ್ನೇ ಮದುವೆ ಆಗ್ತಾರಂತೆ. ಒಬ್ಬ ಒಳಗಿದ್ರೆ ಬಾಗಿಲ ಹತ್ರ ಚಪ್ಪಲಿ ಬಿಟ್ಟಿರ್ತಾನಂತೆ, ಉಳಿದೋರು ಅದನ್ನ ನೋಡಿ... ಏ ಏ, ಮೆಲ್ಲಗೆ ನಗೇ! ಶರ್ಟು ಸುಟ್ಟೀತು!

ಇದನ್ನ ನಮ್ಮನೆಯವರ ಹತ್ರ ಹೇಳ್ದೆ, ಒಂದಿನ ಊಟಕ್ಕೆ ಕೂತಾಗ. ಅವರು ನಗಲಿಲ್ಲ. 'ಇದೆಲ್ಲ ಯಾರ ಹತ್ರ ಕಲಿತೆ' ಅಂದ್ರು, ಅಷ್ಟೆ. ಅವತ್ತಿಂದ ನನ್ನ ಫೋನು ಅತ್ತೆ ಹತ್ರ ಇದೆ. ಇರ್ಲಿ ಬಿಡು, ನಂಗ್ಯಾರು ಫೋನ್ ಮಾಡ್ಬೇಕು? ತಲೆನೋವೇ ಇಲ್ಲ.

ಮನೆ ಅಂದ್ರೆ ಮನೆ ಕಣೇ, ಭದ್ರವಾಗಿದೆ. ಅವರು ಅಂಗಡಿಗೆ ಹೋಗುವಾಗ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ. ಕಳ್ಳರ ಕಾಟಾನೇ ಇಲ್ಲ! ಆರಾಮಾಗಿ ಕಾಲು ಚಾಚಿ ಮಲಗಬಹುದು. ಈ ಬೀದೀಲಿ ನಿಮ್ಮಂಗಡಿಗೆ ಬರೋರು ಹೋಗೋರು, ಎಲ್ಲರೂ ಒಳಗೆ ಇಣುಕೋರೇ. ಅಲ್ಲಿ ಒಂದು ನೊಣ ಇಣುಕಲ್ಲ.

...ಯಾಕೆ ನಿಲ್ಲಿಸಿದೆ? ಇಸ್ತ್ರಿಪೆಟ್ಟಿಗೆ ಆರಿಹೋಯ್ತಾ? ಹಾಗೆ ನೋಡ್ಬೇಡಮ್ಮ. ಬೀಗ ಅಂದ್ರೆ ಏನೋ ಅನ್ಕೋಬೇಡ. ಅತ್ತೆ ಒಳಗೇ ಇರ್ತಾರಲ್ಲ. ಅವರ ಹತ್ರ ಇನ್ನೊಂದು ಕೀ ಇದೆ, ಸೊಂಟದಲ್ಲಿ. ಒಳಗಿಂದ್ಲೂ ತೆಗೆಯೋ ಬೀಗ ಅದು, ಮನೆಗೆ ಬೆಂಕಿಗಿಂಕಿ ಬಿದ್ರೆ ತೆಗೀತಾರೆ.

ಬಾ, ಮನೆ ಹೇಗಿದೆ ಹೇಳ್ತೀನಿ, ಆಗ ನಿಂಗೆ ಸಮಾಧಾನ ಆಗುತ್ತೆ. ಕೆಳಗೆ ಹಾಲ್, ಅಡುಗೆಮನೆ, ಪಕ್ಕದಲ್ಲಿ ಅತ್ತೆ ರೂಮು. ಹಾಲಲ್ಲಿ ಯಾರು ಓಡಾಡಿದ್ರೂ ಅವರಿಗೆ ಕೇಳಿಸುತ್ತೆ, ಕಿವಿ ಚುರುಕು. ಮೇಲೆ ಮೂರು ರೂಮು. ದೊಡ್ಡದು ನಿನಗೆ. ಬಾಲ್ಕನಿ ಇದೆ... ಗ್ರಿಲ್ ಹಾಕಿದ್ದಾರೆ, ಆದ್ರೆ ಬಿಸಿಲು ಚೆನ್ನಾಗಿ ಬೀಳುತ್ತೆ, ಕೂದಲು ಒಣಗಿಸ್ಕೋಬಹುದು. ಬೀರುನ ಆಗಲೇ ಒರೆಸಿ ಖಾಲಿ ಮಾಡಿಟ್ಟಿದ್ದೀನಿ. ಅದರ ಎದುರಿಗಿರೋದು ಅವರ ಆಫೀಸು, ಲೆಕ್ಕಪತ್ರ ನೋಡೋದು, ಅಲ್ಲಿಗೆ ನಾವು ಹೋಗೋ ಹಾಗಿಲ್ಲ. ಕೊನೇದು ಚಿಕ್ಕದು. ಅದಕ್ಕೆ ಹಳದಿ ಬಣ್ಣ ಹೊಡೆಸ್ತಿದ್ದಾರೆ, ನಿನಗೆ ಗಂಡು ಮಗು ಆದ್ರೆ ತೊಟ್ಟಿಲು ಹಾಕೋಕೆ ಅಂತ. ಎಷ್ಟು ಮುಂದಾಲೋಚನೆ ನೋಡು! ಗೋಡೆ ಮೇಲೆ ನನ್ನ ಮಗಳು ಪೆನ್ಸಿಲಲ್ಲಿ ಗೀಚಿದ್ದೆಲ್ಲ ಉಜ್ಜಿ ತೆಗೆಸಿದ್ರು ಮೊನ್ನೆ...

ಏನದು, ಬೆರಳು ಮಡಚ್ತಿದ್ದೀಯಲ್ಲ? ಲೆಕ್ಕ ಹಾಕ್ತಿದ್ದೀಯಾ? ಸರಿಯಾಗೇ ಹೇಳಿದೆನಲ್ಲ. ಅತ್ತೇದು, ನಿಂದು, ಆಫೀಸು, ತೊಟ್ಟಿಲ ರೂಮು...

ನಂದಾ? ನನ್ನ ರೂಮು...

ಹೇಳ್ಲಿಲ್ವಾ? ಹೇಳಿದೆ ಅನ್ಸುತ್ತೆ. ಅಲ್ಲೇ ಎಲ್ಲಾದ್ರೂ, ಹಾಲಲ್ಲಿ ಚಾಪೆ ಹಾಕ್ಕೊಂಡು... ನಂಗೇನು, ಎಲ್ಲಿ ಬಿದ್ಕೊಂಡ್ರೂ ನಿದ್ದೆ ಬರುತ್ತೆ. ಮಗಳೂ ನನ್ನ ಜೊತೇಲೇ... ಹಾಗೆ ನೋಡ್ಬೇಡ ಅಂದೆನಲ್ಲ! ಏನಾದ್ರೂ ಮಾತಾಡೇ. ನೀನೂ ಅವರ ಥರಾನೇ ಸುಮ್ನೆ ನಿಂತು ನೋಡ್ತೀಯಲ್ಲ.

...ಸರಿ. ರೂಮಿಲ್ಲ. ನಾನಿರಲ್ಲ ಅಲ್ಲಿ. ಸಾಕಾ?

ಅವರೇ ಹೇಳಿದ್ದು. 'ನಿನ್ನ ಜಾಗಕ್ಕೆ ಒಬ್ಬಳನ್ನ ಒಪ್ಪಿಸ್ಕೊಂಡು ಬಾ, ಮಗಳನ್ನ ಕರ್ಕೊಂಡು ಎಲ್ಲಿಗಾದ್ರೂ ಹೋಗು' ಅಂತ. ಹಾಗೇ ಬಿಟ್ಟು ಹೋದ್ರೆ ಮಗು ಅಪ್ಪನ ಮನೇದು, ನಮ್ಮ ಹಿರಿಯರೆಲ್ಲ ಅದನ್ನೇ ಹೇಳೋದು. ಒಂಬತ್ತು ವರ್ಷ ಕಣೇ... ಹೊಡೀಲಿಲ್ಲ, ಬೈಯಲಿಲ್ಲ, ಯಾರ ಹತ್ರ ಏನಂತ ದೂರು ಹೇಳ್ಲಿ? ನಮ್ಮಮ್ಮನ ಹತ್ರ ಹೇಳಿದ್ರೆ 'ಬೀಗ ಹಾಕಿದ್ರೆ ಏನಾಯ್ತು, ಒಳಗೆ ಊಟಕ್ಕೇನು ಕಮ್ಮಿ' ಅಂದ್ಲು. ಮಗಳು ಈಗ ಬಾಗಿಲ ಶಬ್ದ ಆದ್ರೆ ಆಟ ನಿಲ್ಲಿಸಿ ಗೋಡೆಗೆ ಒರಗಿ ನಿಂತ್ಕೋತಾಳೆ. ಅದನ್ನ ನೋಡಿದ ಮೇಲೆ ನಂಗೆ ಯಾರಾದ್ರೂ ಸಾಕಿತ್ತು. ಅವರ ಜೊತೆ ಶರ್ಟಿನ ಗಂಟು ಕೊಡೋಕೆ ಇಲ್ಲಿಗೆ ಬಂದಾಗ ನಿನ್ನ ನೋಡ್ದೆ, ಗಟ್ಟಿಗಿತ್ತಿ, ತಡ್ಕೋತಾಳೆ ಅನ್ಕೊಂಡೆ. ಹಾಳಾಗಿ ಹೋಗ್ಲಿ ನನ್ನ ಬುದ್ಧಿ. ತಡ್ಕೊಳ್ಳೋಕೆ ನಿಂಗೇನು ಹಣೆಬರಹ!

ಎಲ್ಲಿಗೆ ಹೋಗ್ತಿದ್ದೀಯ? ಯಾಕೆ ಆ ಚಿಲಕ ತೆಗೀತಿದ್ದೀಯ?

ಓ... ಇದು ಹಿಂದಿನ ಗಲ್ಲಿಗೆ ಹೋಗುತ್ತಾ. ನಂಗೆ ಅಂತ ತೆಗೆದ್ಯಾ.

ಇಲ್ಲಮ್ಮ. ಮುಚ್ಚು. ಮುಚ್ಚು ಅಂದೆ, ಗಾಳಿ ಬರ್ತಿದೆ. ಇಲ್ಲಿ ಬಾ, ಈ ಕಿಟಕಿಯಿಂದ ನೋಡು. ಬಿಳೀ ಕಾರು. ಅವರ ಪಕ್ಕದ ಸೀಟಲ್ಲಿ ಎರಡು ಜಡೆ ಕಾಣುತ್ತಲ್ಲ, ಅದೇ ನನ್ನ ಮಗಳು. 'ಮಗು ನನ್ನ ಹತ್ರ ಇರ್ಲಿ, ನೀನು ಹೋಗಿ ಬಾ' ಅಂದ್ರು. ಪೆದ್ದರೇನಲ್ಲ ಅವರು.

ಕೇಳಿಸ್ತಾ ಹಾರ್ನು? ಹೋಗ್ಬೇಕು. ಅಳಬೇಡ, ನೀನ್ಯಾಕೆ ಅಳ್ತೀಯ? ನಿಮ್ಮಮ್ಮನ ಹತ್ರ ಗಟ್ಟಿಯಾಗಿ ಬೇಡ ಅಂದುಬಿಡು. ಬೈತಾರೆ, ಬೈಸ್ಕೋ. ನಾನೂ ನಮ್ಮನೆಯವರಿಗೆ ಹೇಳ್ತೀನಿ, ಹುಡುಗಿ ಜೋರು, ಎದುರುತ್ತರ ಕೊಡ್ತಾಳೆ, ನಮ್ಮನೆಗೆ ಆಗಲ್ಲ ಅಂತ. ಆ ಶರ್ಟು ಕೊಡು... ಕಾಲರ್ ಚೆನ್ನಾಗಿ ಮಾಡಿದ್ದೀಯ.

ನಾಳಿದ್ದು ಇನ್ನೊಂದು ಮನೆಗೆ ಕರ್ಕೊಂಡು ಹೋಗ್ತಾರಂತೆ. ಬಟ್ಟೆ ಹೊಲಿಯೋ ಹುಡುಗಿ, ಅಪ್ಪ ಇಲ್ಲ. ಅಲ್ಲಿ ಮರೆಯಲ್ಲ ನಾನು. ಮೆಟ್ಟಿಲ ಪಕ್ಕದ ರೂಮು ನಂದು, ಮಂಚ ಇದೆ, ಕಿಟಕಿ ಇದೆ ಅಂತೀನಿ. ಮಂಚ ಅಂದ್ರೆ ನಂಬ್ತಾಳೆ, ಅಲ್ವೇನೇ?