ಬ್ಯಾನರಿನಲ್ಲಿ ಉಳಿದ ಕೈ

"ಹಲೋ... ಹಾಂ, ಹಲೋ. ಯಾರು ಮಾತಾಡುದು?"

ಹೆಸರಿಲ್ಲದ ನಂಬರು. ಶ್ರೀವಾಣಿ ಕಾಯುತ್ತಿದ್ದದ್ದು ಪಕ್ಷದ ಶಂಭು ದಾದಾನ ಫೋನಿಗೆ. ನಾಳೆ ಬೆಳಿಗ್ಗೆ ಡೊಂಬಿವಲಿಯ ಈ ಬೀದಿಯಿಂದಲೇ ಪ್ರತಿಭಟನೆಯ ಮೋರ್ಚಾ ಹೊರಡುವುದಿತ್ತು. ಅವಳು ಮೈಕಿನ ಮುಂದೆ ನಿಂತು ಓದಬೇಕಾದ ಭಾಷಣವನ್ನು ಅವನೇ ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದ. ಅದನ್ನು ಬಾಯಿಪಾಠ ಮಾಡುತ್ತ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು.

"ಶಂಭು ದಾದಾ?... ಕೌನ್ ಬೋಲ್ ರಹಾ ಹೈ?... ಟಿವಿವಾಲೇ ಹೋ ಕ್ಯಾ? ಪಪ್ಪ ಘರ್ ಪೇ ನಹೀ ಹೈ... ಎಂತ?... ಕನ್ನಡದವರಾ? ಯಾರು ನೀವು?"

ಆ ಕಡೆಯವರು ಉಸಿರು ಎಳೆದುಕೊಂಡ ರೀತಿಯಲ್ಲೇ ಅವಳಿಗೆ ಗುರುತು ಹತ್ತಿತು. ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿದ್ದ ಉಬ್ಬಸದ ಉಸಿರು.

"ಪ್ರಫುಲ್ಲಾ ಆಂಟಿ?..."

ಪಕ್ಕದ ಮನೆಯಲ್ಲಿದ್ದ ಪ್ರಫುಲ್ಲಾ. ಶ್ರೀವಾಣಿಯ ತಮ್ಮ ಮನೀಶನ ಹೊಟ್ಟೆಗೆ ಏಳು ತಿಂಗಳ ಹಿಂದೆ ಚಾಕು ಹಾಕಿ ಅವನನ್ನು ಕೊಂದದ್ದು ಇವರ ಮಗ ಹೃಷೀಕೇಶ. ಇಬ್ಬರೂ ಒಂದೇ ವಯಸ್ಸಿನವರು, ಇನ್ನೂ ಹದಿನೆಂಟು ತುಂಬದವರು, ಒಂದೇ ಕ್ರಿಕೆಟ್ ಟೀಮಿನವರು. ಹೊಸ ಜರ್ಸಿ ಬಂದಾಗ ಇಬ್ಬರಿಗೂ ಒಂದೇ ನಂಬರು ಬೇಕಾಗಿತ್ತು. ಜಗಳ ಶುರುವಾದದ್ದು ಅಷ್ಟಕ್ಕೆ. ರಿಮಾಂಡ್ ಹೋಮಿನಲ್ಲಿದ್ದ ಹೃಷೀಕೇಶನಿಗೆ ಕಳೆದ ವಾರ ಜಾಮೀನು ಸಿಕ್ಕಿತ್ತು. ಡೊಂಬಿವಲಿಗೆ ಕಾಲಿಡಬಾರದೆಂಬ ಷರತ್ತಿದ್ದುದರಿಂದ ತಾಯಿ ಮಗ ಈಗ ಘಣಸೋಲಿಯಲ್ಲಿ, ಪ್ರಫುಲ್ಲಾ ಅವರ ಅಣ್ಣನ ಮನೆಯಲ್ಲಿದ್ದರು.

"ನೀವು ಎಂತಕ್ಕೆ ಫೋನ್ ಮಾಡಿದ್ದು? ಮಾಡ್ಲಿಕ್ಕಿಲ್ಲ ಅಂತ ವಕೀಲರು ಹೇಳ್ಲಿಲ್ವಾ?... ಇಲ್ಲ, ಅಮ್ಮ ಮಲಗಿದ್ದಾರೆ. ಮಾತ್ರೆ ತಗೊಂಡಿದ್ದಾರೆ... ಎಬ್ಬಿಸುದಿಲ್ಲ ನಾನು... ಪಪ್ಪ ಕಲ್ಯಾಣದಲ್ಲಿ, ಹೋಟೆಲಿನಲ್ಲಿ. ಅವರಿಗಂತೂ ಮಾಡ್ಲೇಬೇಡಿ ಆಂಟಿ. ನಿಮ್ಮ ಹೆಸರು ಕೇಳಿದ್ರೆ ಗಲ್ಲಾ ಬಿಟ್ಟು ಎದ್ದು ಹೋಗ್ತಾರೆ."

"...ಹಾಂ. ಹಾಂ, ನಾಳೆಯೇ... ಹೌದು, ನಾನೇ ಮಾತಾಡುದು. ಯಾಕೆ, ನಗು ಬರ್ತದಾ? ನೀವೇ ಹೇಳ್ತಿದ್ರಿ ಅಲ್ವಾ, ಈ ಹುಡುಗಿಯ ಬಾಯಿಂದ ಒಂದು ಮಾತು ಹೊರಡ್ಬೇಕಾದ್ರೆ ಕುಕ್ಕರಿನ ಹಾಗೆ ಮೂರು ಸೀಟಿ ಆಗ್ಬೇಕು ಅಂತ... ನಾಳೆ ಸೀಟಿ ಬೇಡ ಆಂಟಿ. ಮೈಕ್ ಉಂಟು."

"...ಎಂತ ಹೇಳುದು ಅಂದ್ರೆ... ಜಾಮೀನು ರದ್ದು ಮಾಡಿ. ದೊಡ್ಡವರ ಕೋರ್ಟಿನಲ್ಲಿ ಕೇಸ್ ನಡೆಸಿ. ಚಾಕು ಹಿಡಿಯುವವನು ಮಗು ಅಲ್ಲ... ಹೌದು, ಮರಾಠಿಯಲ್ಲಿ... ಇಲ್ಲ, ನಾನು ಬರೆದದ್ದಲ್ಲ. ಆದ್ರೆ ಸುಳ್ಳಾ ಅದು? ನೀವೇ ಹೇಳಿ, ಸುಳ್ಳಾ?..."

ಜಾಮೀನಿನ ಸುದ್ದಿ ಬಂದ ದಿನದಿಂದ ಟಿವಿಯ ಚೌಕಗಳಲ್ಲಿ ಕೂತವರು ಮನೀಶನ ಹೆಸರು ಹಿಡಿದು ಕಿತ್ತಾಡುತ್ತಿದ್ದರು. ವಯಸ್ಸಿನ ಮಿತಿ ಹದಿನಾರಕ್ಕೆ ಇಳಿಯಬೇಕೆಂದು ಒಬ್ಬರು, ಮಕ್ಕಳನ್ನು ಜೈಲಿಗೆ ಹಾಕಿದರೆ ಹೊರಗೆ ಬರುವವರು ಮಕ್ಕಳಾಗಿರುವುದಿಲ್ಲವೆಂದು ಇನ್ನೊಬ್ಬರು. ಎರಡು ಪಕ್ಷಗಳವರೂ ಒಂದು ದಿನದ ಅಂತರದಲ್ಲಿ ಮನೆಗೆ ಬಂದು, ಅದೇ ಸೋಫಾದ ಮೇಲೆ ಕೂತು, ಜಾಮೀನು ಸಿಕ್ಕಿದ್ದಕ್ಕೆ ಮತ್ತೊಂದು ಪಕ್ಷವೇ ಕಾರಣವೆಂದು ಹೇಳಿ, ಅಮ್ಮ ಕೊಟ್ಟ ಚಹಾ ಕುಡಿದು ಹೋಗಿದ್ದರು. ಮನೀಶ ಎಂಥ ಹುಡುಗನಾಗಿದ್ದ ಎಂದು ಯಾರೂ ಕೇಳಿರಲಿಲ್ಲ. ಫೋಟೊ ಮಾತ್ರ ಇಬ್ಬರಿಗೂ ಬೇಕಾಗಿತ್ತು.

"ಕೇಳ್ತಾ ಉಂಟು, ಹೇಳಿ... ಬ್ಯಾನರಾ? ಹಾಂ, ಹಾಕಿದ್ದಾರೆ. ನಮ್ಮ ಕಿಟಕಿಯ ಎದುರೇ... ನೀವು ಎಲ್ಲಿ ನೋಡಿದ್ದು?... ರೀಲಿನಲ್ಲಾ?... ಅವನೂ ನೋಡಿದ್ನಾ?... ಕೈ? ಯಾವ ಕೈ?"

ಬ್ಯಾನರನ್ನು ನಿನ್ನೆ ಮಧ್ಯಾಹ್ನ ಕಟ್ಟಿದ್ದರು. ರಸ್ತೆಯ ಎರಡು ಕಂಬಗಳ ನಡುವೆ, ಸರಿಯಾಗಿ ಎರಡನೇ ಮಹಡಿಯ ಎತ್ತರಕ್ಕೆ. ಮನೀಶನ ಮುಖ ಅಡುಗೆಮನೆಯ ಒಳಕ್ಕೇ ನೋಡುತ್ತಿತ್ತು, ರಾತ್ರಿಗೆ ಏನು ಮಾಡಿದ್ದಾರೆಂದು ಇಣುಕುವವನ ಹಾಗೆ. ಅಮ್ಮ ಪರದೆ ಎಳೆದುಬಿಟ್ಟಿದ್ದರು. ಗಾಳಿ ಬೀಸಿದಾಗಲೆಲ್ಲ ಪರದೆಯಾಚೆ ಅದು ಪಟಪಟನೆ ಬಡಿದುಕೊಳ್ಳುತ್ತಿತ್ತು. ಶ್ರೀವಾಣಿ ಒಮ್ಮೆಯೂ ಅದನ್ನು ನೇರವಾಗಿ ನೋಡಿರಲಿಲ್ಲ. ಈಗ ಎದ್ದು ಹೋಗಿ ಪರದೆ ಸರಿಸಿದಳು. ಮುಳುಗುವ ಸೂರ್ಯನ ಬಿಸಿಲು ಹಿಂದಿನಿಂದ ಹಾಯ್ದು ತಮ್ಮನ ಮುಖದೊಳಗೆ ಯಾರೋ ದೀಪ ಹಚ್ಚಿಟ್ಟ ಹಾಗಿತ್ತು.

"ನೋಡ್ತಾ ಇದ್ದೇನೆ... ಎಡ ಭುಜವಾ?... ಅಯ್ಯೋ."

ಭುಜದ ಮೇಲೆ ನಾಲ್ಕು ಬೆರಳುಗಳು. ಬೆರಳುಗಳ ಹಿಂದೆ ಒಂದು ಮಣಿಕಟ್ಟು, ಮಣಿಕಟ್ಟಿನ ಮೇಲೆ ಹಸಿರು ಬಣ್ಣದ್ದೇನೋ. ಅದರ ಹಿಂದೆ ಯಾರೂ ಇಲ್ಲ.

"ಅದು ನಾನು ಕಟ್ಟಿದ ರಾಖಿ ಆಂಟಿ... ನವಿಲಿನದ್ದು. ಇಬ್ಬರಿಗೂ ಒಂದೇ ತರದ್ದು ತಂದಿದ್ದೆ. ಇಲ್ಲದಿದ್ರೆ ಜಗಳ ಮಾಡ್ತಾರೆ ಅಂತ..."

ಆಗ ಅವಳಿಗೆ ಎಲ್ಲವೂ ಗೊತ್ತಾಯಿತು. ಇದು ಹೊಸ ಬ್ಯಾನರೇ ಅಲ್ಲ. ಕೊಲೆಯ ಹಿಂದಿನ ವರ್ಷ ಇವರ ಟೀಮು ಕಪ್ ಗೆದ್ದಾಗ, ಟೂರ್ನಮೆಂಟ್ ನಡೆಸಿದ, ಶಂಭು ದಾದಾನ ಪಕ್ಷದ ನಾಯಕ ಸಾಹೇಬರೇ ಚೌಕದಲ್ಲಿ ಹಾಕಿಸಿದ್ದ ಅಭಿನಂದನೆಯ ಬ್ಯಾನರು. ಮೂಲೆಯಲ್ಲಿ ಅದೇ ಸಾಹೇಬರು, ಅದೇ ಮುಗಿದ ಕೈ, ಅದೇ ನಗು. ಫ್ಲೆಕ್ಸ್ ಮಾಡುವವನು ಹಳೆಯ ಫೈಲನ್ನೇ ತೆಗೆದು, 'ಅಭಿನಂದನೆ' ಎಂದಿದ್ದಲ್ಲಿ 'ನ್ಯಾಯ' ಎಂದು ಹಾಕಿ, ಮನೀಶನ ಅಕ್ಕಪಕ್ಕದವರನ್ನೆಲ್ಲ ಕತ್ತರಿಸಿದ್ದ. ಭುಜದ ಮೇಲಿನ ಹೃಷೀಕೇಶನ ಕೈ ಕತ್ತರಿಸಲು ಹೋಗಿದ್ದರೆ ಭುಜವೂ ಹೋಗುತ್ತಿತ್ತು. ಹಾಗೇ ಬಿಟ್ಟಿದ್ದ.

"...ಊಟ ಮಾಡುದಿಲ್ವಾ?... ಬಲಗೈಯಲ್ಲಿ ಅನ್ನ ಮುಟ್ಟುದೇ ಇಲ್ವಾ? ಯಾವಾಗಿಂದ?... ರೀಲ್ ನೋಡಿದ ಮೇಲಾ... ನೀವು ತಿನ್ನಿಸುದಾ?... ಮಲಗುವಾಗ ಕೈಯನ್ನ ಎಂತ?... ದಿಂಬಿನ ಅಡಿಗೆ..."

ಅವಳ ದನಿ ಇದ್ದಕ್ಕಿದ್ದ ಹಾಗೆ ಏರಿತು. ಒಳಕೋಣೆಯ ಕಡೆ ನೋಡಿ ಮತ್ತೆ ತಗ್ಗಿಸಿಕೊಂಡಳು.

"ನನಗೆ ಎಂತಕ್ಕೆ ಹೇಳುದು ಇದನ್ನೆಲ್ಲ? ಅವನಿಗೆ ತಿನ್ನಿಸ್ಲಿಕ್ಕೆ ನೀವಿದ್ದೀರಿ. ತಿನ್ಲಿಕ್ಕೆ ಅವನಿಗೆ ಬಾಯಿ ಉಂಟು. ಇಲ್ಲಿ ನಮ್ಮಮ್ಮ ಹೇಗಿದ್ದಾರೆ ಗೊತ್ತುಂಟಾ? ರಾತ್ರಿ ಬಾಗಿಲ ಚಿಲಕ ಹಾಕುದಿಲ್ಲ. ಮನು ಆಟ ಮುಗಿಸಿ ಟರ್ಫಿನಿಂದ ಬರುದು ತಡ ಆಗ್ತದೆ ಅಂತ. ನಾನು ಎದ್ದು ಹಾಕ್ತೇನೆ. ಬೆಳಿಗ್ಗೆ ನೋಡಿದ್ರೆ ತೆಗೆದಿರ್ತದೆ. ಕೇಳಿದ್ರೆ, ನಾನು ಏಳ್ಲೇ ಇಲ್ಲ, ನಾನು ತೆಗಿಲಿಲ್ಲ ಅಂತಾರೆ... ಅಳ್ಬೇಡಿ. ನೀವು ಅಳ್ಬೇಡಿ ಆಂಟಿ, ನೀವು ಅತ್ರೆ ನನಗೆ ಸಿಟ್ಟು ಬರ್ತದೆ."

"...ಬ್ಯಾನರಿನಿಂದ ಆ ಕೈ ತೆಗೆಸ್ಲಿಕ್ಕಾ? ಶಂಭು ದಾದಾನತ್ರ ಎಂತ ಅಂತ ಹೇಳ್ಲಿ? ಇದು ಅವನದ್ದೇ ಕೈ, ತೆಗೀರಿ ಅಂತಲಾ? ಹೇಳಿದ್ರೆ ತೆಗಿತಾರೆ ಅಂತ ಮಾಡಿದ್ದೀರಾ? ಸುತ್ತ ಕೆಂಪು ರೌಂಡ್ ಹಾಕಿ ಇದರ ಎರಡರಷ್ಟು ದೊಡ್ಡದು ಮಾಡಿಸ್ತಾರೆ. ಥಾಣೆ ರೈಲು ಸ್ಟೇಷನಿನ ಎದುರು ಹಾಕ್ತಾರೆ... ಇಲ್ಲ, ಅವರಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಿಮಗೆ, ಅವನಿಗೆ, ಈಗ ನನಗೆ."

ಕಿವಿಯೊಳಗೆ ಟುಂಕ್ ಎಂದಿತು. ಸ್ಕ್ರೀನಿನ ಮೇಲೆ ಶಂಭು ದಾದಾನ ಹೆಸರು ಮಿನುಗುತ್ತಿತ್ತು. ಅವಳು ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು.

"ಇಲ್ಲ, ಇಟ್ಟಿಲ್ಲ. ಬೇರೆ ಕಾಲ್ ಬರ್ತಾ ಉಂಟು, ಬರ್ಲಿ... ಆಂಟಿ, ಅವನು ಅಲ್ಲೇ ಇದ್ದಾನಲ್ವಾ?... ಫೋನ್ ಕೊಡಿ ಅವನಿಗೆ... ಬೈಯುದಿಲ್ಲ. ಒಂದು ಮಾತು ಕೇಳ್ಲಿಕ್ಕುಂಟು, ಒಂದೇ... ಗೊತ್ತುಂಟು, ವಕೀಲರು ನನಗೂ ಬೇಡ ಅಂದಿದ್ದಾರೆ. ಕೊಡಿ ಆಂಟಿ."

ಏಳು ತಿಂಗಳಿನಿಂದ ಅವಳ ನಿದ್ದೆ ಕೆಡಿಸಿದ್ದು ಆ ಒಂದು ಮಾತು. ಮನೀಶನನ್ನು ಆಸ್ಪತ್ರೆಗೆ ತಂದ ರಿಕ್ಷಾದವನು ಹೇಳಿದ್ದ: ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು, ಒಬ್ಬ ಇನ್ನೊಬ್ಬನನ್ನು ತಬ್ಬಿ ಹಿಡಿದುಕೊಂಡಿದ್ದ, ಗೇಟಿನಲ್ಲಿ ಇಳಿಸಿ ಓಡಿಹೋದ. ಗಾಯವಾದ ಹುಡುಗ ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದ. ಏನು ಹೇಳಿದ ಎಂದು ಶ್ರೀವಾಣಿ ಕೇಳಿದ್ದಕ್ಕೆ ಅವನು ತಲೆಯಾಡಿಸಿದ್ದ. ತಿಳಿಯಲಿಲ್ಲ ತಾಯಿ, ನಿಮ್ಮ ಭಾಷೆಯಲ್ಲಿತ್ತು.

ನಿಮ್ಮ ಭಾಷೆಯಲ್ಲಿ! ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಮನೀಶ, ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವನು, ಆ ಕೊನೆಯ ದಾರಿಯಲ್ಲಿ ಕನ್ನಡ ಮಾತಾಡಿದ್ದ. ಅದನ್ನು ಕೇಳಿ ತಿಳಿದವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಚಾಕು ಹಾಕಿದವನೇ.

"ಹಲೋ... ಹೃಷಿ?... ಹೂಂ ಅನ್ನು. ಇದ್ದೀಯಾ?..."

ಆ ಕಡೆಯಿಂದ ಫ್ಯಾನಿನ ಕಟಕಟ ಸದ್ದಿನ ನಡುವೆ ಅವನ ದನಿ ಬಂತು.

"...ಅಕ್ಕ ಅಂತ ಕರೀಬೇಡ ನನ್ನನ್ನ."

"...ಯಾಕೆ ಮಾಡಿದ್ದು ಅಂತ ಕೇಳುದಿಲ್ಲ. ಅದನ್ನ ಟಿವಿಯಲ್ಲಿ ದಿನಾ ಕೇಳ್ತಾರೆ. ರಿಕ್ಷಾದಲ್ಲಿ ಮನು ಎಂತ ಹೇಳ್ತಿದ್ದ?... ಮಾತಾಡು. ನೀನು ಹೇಳುವವರೆಗೆ ನಾನು ಇಡುದಿಲ್ಲ... ಹಿಂದೀ ಮೇ ನಹೀ, ಹೃಷಿ. ಅವನು ಹೇಗೆ ಹೇಳಿದ್ನೋ ಹಾಗೇ ಹೇಳು."

"...ಯಾರಿಗೂ ಹೇಳ್ಲಿಲ್ವಾ ಇಷ್ಟು ದಿನ?... ಯಾರೂ ಕೇಳ್ಲೇ ಇಲ್ವಾ... ಚಾಕು ಎಲ್ಲಿಂದ ತಂದೆ ಅಂತ ಮಾತ್ರ ಕೇಳಿದ್ರಾ... ಹಾಂ. ನಾನು ಕೇಳ್ತಾ ಇದ್ದೇನೆ. ಹೇಳು."

ಹೊರಗೆ ಗಾಳಿ ನಿಂತಿತ್ತು. ಬ್ಯಾನರು ಅಲುಗಾಡದೆ ನಿಂತಿತ್ತು, ತಾನೂ ಕೇಳಿಸಿಕೊಳ್ಳುವ ಹಾಗೆ.

"...ಚಿಲಕ?... 'ಚಿಲಕ ಹಾಕುದು ಬೇಡ, ನಾನು ಬರ್ತೇನೆ.' ಹೀಗೇ ಅಂದ್ನಾ?..."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"...ಸುಳ್ಳು. ಸುಳ್ಳು ಹೇಳ್ತಾ ಇದ್ದಿ ನೀನು. ನಾನು ಈಗ ನಿನ್ನ ಅಮ್ಮನತ್ರ ಹೇಳಿದ್ದು ಕೇಳಿಸ್ಕೊಂಡಿದ್ದಿ. ಅಮ್ಮ ಚಿಲಕ ಹಾಕುದಿಲ್ಲ ಅಂತ ನಾನೇ ಹೇಳಿದೆ, ಅದನ್ನೇ ತಿರುಗಿಸಿ ನನಗೆ... ಎಂತ?... ಯಾರತ್ರ ಹೇಳು ಅಂದ?... ಇನ್ನೊಮ್ಮೆ ಹೇಳು."

"...ಜೈಲರಕ್ಕ."

ಆ ಹೆಸರು ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ತಡವಾಗಿ ಬಂದ ರಾತ್ರಿಗಳಲ್ಲಿ ಅಮ್ಮ ಏಳಬಾರದೆಂದು ಬಾಗಿಲ ಸಂದಿಗೆ ಬಾಯಿಟ್ಟು, ಚಿಲಕ ಹಾಕಿಕೊಂಡ ಅಕ್ಕನಿಗೆ ಅವನು ಪಿಸುಗುಟ್ಟುತ್ತಿದ್ದ ಹೆಸರು. ಜೈಲರಕ್ಕಾ, ದರ್ವಾಜಾ ಖೋಲ್ ನಾ.

"...'ಜೈಲರಕ್ಕನತ್ರ ಹೇಳು, ಚಿಲಕ ಹಾಕುದು ಬೇಡ. ನಾನು ಬರ್ತೇನೆ.'... ಎಷ್ಟು ಸಲ ಹೇಳಿದ?... ಆಸ್ಪತ್ರೆ ಬರುವ ತನಕವೂ ಇದೇ?... ಹಾಂ... ಹಾಂ. ನೀನು ಎಂತ ಅಂದೆ ಅದಕ್ಕೆ?... ಹೇಳ್ತೇನೆ ಅಂದ್ಯಾ."

"...ಏಳು ತಿಂಗಳಾಯ್ತು ಹೃಷಿ, ಹೇಳ್ತೇನೆ ಅಂತ ಹೇಳಿ."

ಮತ್ತೆ ಟುಂಕ್ ಎಂದಿತು. ಶಂಭು ದಾದಾ. ಅವಳು ನೋಡಲಿಲ್ಲ.

"ಯಾವ ಕೈಯಲ್ಲಿ ಹಿಡ್ಕೊಂಡಿದ್ದಿ ಅವನನ್ನ, ರಿಕ್ಷಾದಲ್ಲಿ?... ಬಲಗೈಯಾ... ಅದೇ ಕೈ."

"...ಅಳ್ಬೇಡ, ಕೇಳು. ನಾಳೆ ನಾನು ಮಾತಾಡ್ತೇನೆ. ಬರೆದುಕೊಟ್ಟದ್ದನ್ನೇ ಓದ್ತೇನೆ. ನಿನ್ನನ್ನ ಬಿಡಿ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ... ನೀನೂ ಅದನ್ನ ಕೇಳ್ಬೇಡ... ಕೈಯ ವಿಷಯ ಯಾರಿಗೂ ಹೇಳುದಿಲ್ಲ. ತೆಗೆಸುದೂ ಇಲ್ಲ. ಅಲ್ಲೇ ಇರ್ಲಿ... ನೀನು ಊಟ ಮಾಡು. ಅದೇ ಕೈಯಲ್ಲಿ. ನಿನ್ನನ್ನ ಎಲ್ಲಿ ಇಟ್ರೂ, ಎಷ್ಟು ವರ್ಷ ಇಟ್ರೂ, ಆ ಮಾತು ಮರೀಬಾರ್ದು. ಅವನು ಹೇಳಿದ ಹಾಗೇ, ಅವನ ದನಿಯಲ್ಲೇ ನೆನಪಿರ್ಬೇಕು. ಕೇಳಿದವನು ನೀನೊಬ್ಬನೇ ಅಲ್ವಾ..."

"...ಯಾರು ಬಂದದ್ದು? ನಿನ್ನ ಮಾವನಾ?... ಇಡ್ಬೇಡ. ಒಂದು ನಿಮಿಷ ಇಡ್ಬೇಡ ಅಂತ ಹೇಳು ಅವರಿಗೆ..."

ಅವಳು ಫೋನನ್ನು ಕಿವಿಗೆ ಹಿಡಿದೇ ಕತ್ತಲಾಗುತ್ತಿದ್ದ ಹಾಲ್ ದಾಟಿದಳು. ಮಧ್ಯಾಹ್ನ ಪಕ್ಷದವರು ಹೋದ ಮೇಲೆ ತಾನೇ ಹಾಕಿದ ಚಿಲಕ. ಏಳು ತಿಂಗಳಿನಿಂದ ದಿನಾ ಅವಳೇ ಹಾಕುತ್ತಿದ್ದದ್ದು.

"ಬಾಗಿಲ ಹತ್ರ ಬಂದೆ... ಹೃಷಿ, ಇದ್ದೀಯಾ? ತೆಗಿತಾ ಇದ್ದೇನೆ, ಕೇಳು..."

ಕಬ್ಬಿಣದ ಮೇಲೆ ಕಬ್ಬಿಣ ಜಾರಿತು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿ, ನಿದ್ದೆಯಿಂದಲೇ ಅಮ್ಮನ ದನಿ ಬಂತು. "ಬಂದ್ನಾ?"

"ಇಲ್ಲಮ್ಮ... ಚಿಲಕ ತೆಗೆದೆ, ಅಷ್ಟೆ... ಹೃಷಿ, ಕೇಳಿಸ್ತಾ ನಿಂಗೆ? ತೆಗೆದೆ... ಹಲೋ?... ಹೃಷಿ? ಹಲೋ..."