ಮಂಚದ ಪಕ್ಕದ ಜೂನಿಪರ್

ಗಿಡಗಳ ನರ್ಸರಿಯ ಸಾಲಿನಲ್ಲಿ, ಗಿಡ ಕೊಳ್ಳಲು ಬಂದಿದ್ದ ಒಬ್ಬ ದರ್ಜಿಯ ಮುಂದೆ ಅಕ್ಕ ತಂಗಿ ನಿಂತಿದ್ದರು. ಅಕ್ಕನ ಕೈಯಲ್ಲಿ ಗೇಣುದ್ದದ ಜೂನಿಪರ್ ಬೋನ್ಸಾಯ್, ಪುಟ್ಟ ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ, ಇತ್ತು. ಮಾಲಿ ಅದರ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದ.

“ಎಲ್ಲಿಟ್ಟಿದ್ರಿ ಅಮ್ಮಾ?”

“ಅಪ್ಪನ ಮಂಚದ ಪಕ್ಕ. ಅವ್ರಿಗೆ ಎದ್ದು ಹೊರಗೆ ಬರೋಕಾಗಲ್ಲ.”

“ಇದು ಬಿಸಿಲು ಗಾಳಿಲಿ ಇರಬೇಕಾದ ಮರ. ಮನೆಯೊಳಗೆ ಬದುಕಲ್ಲ. ಸತ್ತು ಮೂರು ವಾರ ಆಗಿರ್ಬೇಕು.”

“ಇನ್ನೂ ಹಸಿರಾಗೇ ಇದೆಯಲ್ಲ?” ಎಂದಳು ತಂಗಿ.

“ಈ ಜಾತಿನೇ ಹಾಗೆ. ಸತ್ತ ಮೇಲೂ ಒಂದಷ್ಟು ದಿನ ಬಣ್ಣ ಬಿಡಲ್ಲ.”

“ಹೊರಗಿಡೋಣ ಅಂತ ಬಡ್ಕೊಂಡೆ. ನೀನು ಕೇಳ್ಲಿಲ್ಲ ಅಕ್ಕಾ.”

“ಕಣ್ಣು ಬಿಟ್ಟ ತಕ್ಷಣ ಅಪ್ಪ ಅದನ್ನೇ ಹುಡುಕ್ತಾರೆ ಕಣೇ.”

“ಈಗ ಅವ್ರಿಗೆ ಏನಂತ ಹೇಳೋದು?”

“ಏನೂ ಹೇಳ್ಬೇಡ. ಹಸಿರು ಇರೋವರೆಗೂ ಅಲ್ಲೇ ಇರ್ಲಿ. ಡಾಕ್ಟ್ರೂ ಜಾಸ್ತಿ ದಿನ ಹೇಳಿಲ್ಲ.”

ಅಕ್ಕ ಕುಂಡವನ್ನು ಎದೆಗವಚಿಕೊಂಡು ಹೊರಟಳು. ದರ್ಜಿ ಸರಿದು ಅವರಿಗೆ ದಾರಿ ಬಿಟ್ಟ.